ಹವ್ಯಾಸಿ ಕಾರು ರೇಸಿನಲ್ಲಿ ತಾಂತ್ರಿಕ ತಪಾಸಣೆ: ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ವಾರಾಂತ್ಯಗಳಲ್ಲಿ ನಡೆಯುವ ಹವ್ಯಾಸಿ ಕಾರು ರೇಸುಗಳಲ್ಲಿ ತಪಾಸಣೆಯಾಗದ ಯಾವ ಕಾರೂ ಟ್ರ್ಯಾಕಿಗೆ ಇಳಿಯುವಂತಿಲ್ಲ. ಈ ತಪಾಸಣೆ ಮಾಡುವವರು ಸಂಬಳದ ನೌಕರರಲ್ಲ. ವಾರವಿಡೀ ಬೇರೆ ಉದ್ಯೋಗ ಮಾಡಿ, ರಜೆಯ ಎರಡು ದಿನವನ್ನು ಬಿಸಿಲು ಮಳೆಯೆನ್ನದೆ ಕಾರುಗಳ ಕೆಳಗೆ ಬಗ್ಗಿ ಕಳೆಯಲು ತಾವಾಗಿ ಮುಂದೆ ಬಂದವರು. ಡೆಟ್ರಾಯಿಟ್ ಸುತ್ತಮುತ್ತಲ ವಾಹನ ಕಾರ್ಖಾನೆಗಳಲ್ಲೂ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಕಂಪನಿಗಳಲ್ಲೂ ದುಡಿಯುವ ಕನ್ನಡಿಗರಲ್ಲಿ ಕಾರುಗಳ ಬಗ್ಗೆ ಪ್ರೀತಿಯಿರುವವರು ಅನೇಕರಿದ್ದಾರೆ. ರೇಸ್ ಕಾರು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ರೇಸಿನ ಒಳಗೆ ನಿಂತು, ಅದಕ್ಕೆ ನಿಜವಾಗಿ ಬೇಕಾದ ಕೆಲಸವನ್ನು ಮಾಡುವ ಈ ಬಾಗಿಲು ಎಲ್ಲರಿಗೂ ತೆರೆದಿದೆ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ, ನಡೆಸುವ ಕ್ಲಬ್ ರೇಸುಗಳನ್ನು ಮುಂದಿಟ್ಟುಕೊಂಡು ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸಿದ್ದೇನೆ.

ಈ ಕೆಲಸದ ಹಿನ್ನೆಲೆ

ಎಸ್‌ಸಿಸಿಎ ಹುಟ್ಟಿದ್ದು 1944ರಲ್ಲಿ, ಬಾಸ್ಟನ್ ನಗರದಲ್ಲಿ. ಯುದ್ಧ ಮುಗಿದ ಮೇಲೆ, 1948ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಊರಿನ ಬೀದಿಗಳನ್ನೂ ಸುತ್ತಲಿನ ರಸ್ತೆಗಳನ್ನೂ ಸೇರಿಸಿ ಸುಮಾರು 6.6 ಮೈಲಿಯ ಸುತ್ತಿನಲ್ಲಿ ನಡೆದ ರೇಸು ಅಲ್ಲಿನ ಹವ್ಯಾಸಿ ರೋಡ್ ರೇಸಿಂಗಿಗೆ ಮರುಹುಟ್ಟು ಕೊಟ್ಟಿತು. ಆ ಹೊತ್ತಿನ ಕಾರುಗಳಲ್ಲಿ ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಚಾಲಕರನ್ನು ಕಾಯುವ ಲೋಹದ ಕೊಳವೆಗಳ ಪಂಜರ, ಇರಲಿಲ್ಲ, ಇಂದಿನಂಥ ಬೆಲ್ಟುಗಳಿರಲಿಲ್ಲ. 1950ರಲ್ಲಿ ಅದೇ ಊರಿನ ರೇಸಿನಲ್ಲಿ ಸ್ಯಾಮ್ ಕೋಲಿಯರ್ ಎಂಬ ಚಾಲಕ ಸತ್ತರು. 1952ರಲ್ಲಿ ರಸ್ತೆಬದಿ ನಿಂತು ನೋಡುತ್ತಿದ್ದ ಮಗುವೊಂದು ಪ್ರಾಣ ಕಳೆದುಕೊಂಡಿತು. ಆ ಮೇಲೆ ಊರೊಳಗಿನ ಬೀದಿಗಳಲ್ಲಿ ರೇಸು ನಿಂತಿತು. 1956ರಲ್ಲಿ ಪೀಟ್ ಸ್ನೆಲ್ ಎಂಬ ಹವ್ಯಾಸಿ ಚಾಲಕ ರೇಸಿನಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ತೊಟ್ಟಿದ್ದ ಹೆಲ್ಮೆಟ್ ಅವರನ್ನು ಕಾಯಲಿಲ್ಲ. ಮರುವರ್ಷ ಅವರ ಸ್ನೇಹಿತರು ಅವರ ಹೆಸರಿನಲ್ಲಿ ಕಟ್ಟಿದ ಸಂಸ್ಥೆಯ ಚೀಟಿಯನ್ನೇ ಇಂದು ಪ್ರತಿ ತಪಾಸಕ ಹೆಲ್ಮೆಟ್ಟಿನೊಳಗೆ ಹುಡುಕುವುದು. ನಿಯಮಪುಸ್ತಕದ ಸಾಲುಗಳು ಒಣ ಶಬ್ದಗಳಂತೆ ಕಂಡರೂ, ಅವುಗಳಲ್ಲಿ ಅನೇಕ ಸಾಲುಗಳ ಹಿಂದೆ ಇಂಥ ಒಬ್ಬ ವ್ಯಕ್ತಿ ಇದ್ದಾರೆ.

ಒಂದು ವಿಷಯವನ್ನು ಆರಂಭದಲ್ಲೇ ಸ್ಪಷ್ಟ ಮಾಡಿಕೊಳ್ಳಬೇಕು. ತಪಾಸಕನ ಸಹಿ ಕಾರು ಸುರಕ್ಷಿತವಾಗಿದೆ ಎಂಬ ಖಾತರಿಯಲ್ಲ. ಕಾರಿನ ಸ್ಥಿತಿಗೂ ಅದು ನಿಯಮಕ್ಕೆ ಒಳಪಟ್ಟಿರುವುದಕ್ಕೂ ಹೊಣೆ ಚಾಲಕರದು, ಕಾರಿನ ಮಾಲೀಕರದು. ತಪಾಸಕ ಇನ್ನೊಂದು ಜೊತೆ ಕಣ್ಣು, ಇನ್ನೊಂದು ಜೊತೆ ಕೈ ಮಾತ್ರ. ಇದನ್ನು ಮರೆತವರು ಎರಡು ರೀತಿ ಹಾದಿ ತಪ್ಪುತ್ತಾರೆ: ಕೆಲವರು ಪೊಲೀಸರಂತೆ ವರ್ತಿಸುತ್ತಾರೆ, ಇನ್ನು ಕೆಲವರು ಎಲ್ಲದರ ಭಾರ ತಮ್ಮ ಮೇಲಿದೆ ಎಂದು ಹೆದರಿ ನಿರ್ಧಾರವನ್ನೇ ಮಾಡದೆ ಉಳಿಯುತ್ತಾರೆ.

ಸೇರುವ ಮೊದಲು

ಮೊದಲು ಕ್ಲಬ್ಬಿನ ಸದಸ್ಯತ್ವ ಪಡೆದು, ನೀವು ವಾಸಿಸುವ ಪ್ರದೇಶದ ಶಾಖೆಯನ್ನು ಸಂಪರ್ಕಿಸಿ, ತಾಂತ್ರಿಕ ವಿಭಾಗದ ಮುಖ್ಯಸ್ಥರಿಗೆ ನಿಮ್ಮ ಆಸಕ್ತಿಯನ್ನು ತಿಳಿಸಿ. ಮೆಕ್ಯಾನಿಕ್ ಆಗಿರಬೇಕೆಂಬ ನಿಬಂಧನೆ ಇಲ್ಲ. ಮೊದಲ ಕೆಲವು ರೇಸುಗಳಲ್ಲಿ ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯುತ್ತೀರಿ. ಕೆಲಸ ಮಾಡಿದ ದಿನಗಳ ದಾಖಲೆ ಸೇರುತ್ತ ಹೋದಂತೆ ಪರವಾನಗಿಯ ದರ್ಜೆಯೂ ಏರುತ್ತದೆ.

ನಿಯಮಪುಸ್ತಕವನ್ನು ಅಲ್ಲಿನವರು ಜಿಸಿಆರ್ (ಜನರಲ್ ಕಾಂಪಿಟಿಷನ್ ರೂಲ್ಸ್) ಎನ್ನುತ್ತಾರೆ. ಅದು ನೂರಾರು ಪುಟಗಳ ಗ್ರಂಥ, ಕ್ಲಬ್ಬಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಡೀ ಪುಸ್ತಕವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ; ಚಾಲಕರ ಸುರಕ್ಷಾ ಸಾಮಗ್ರಿ, ರೋಲ್ ಕೇಜ್ ಮತ್ತು ಎಲ್ಲ ಕಾರುಗಳಿಗೂ ಅನ್ವಯಿಸುವ ಸಾಮಾನ್ಯ ನಿಯಮಗಳು, ಈ ಮೂರು ಭಾಗಗಳನ್ನು ಚೆನ್ನಾಗಿ ಓದಿಕೊಂಡರೆ ಮೊದಲ ವರ್ಷಕ್ಕೆ ಸಾಕು. ಆದರೆ ಪುಸ್ತಕಕ್ಕೆ ಪ್ರತಿ ತಿಂಗಳು ತಿದ್ದುಪಡಿಗಳು ಪ್ರಕಟವಾಗುತ್ತವೆ. ಆದ್ದರಿಂದ ಹಳೆಯ ಮುದ್ರಿತ ಪ್ರತಿಯನ್ನೋ ನೆನಪನ್ನೋ ನಂಬಿ ಯಾರ ಕಾರನ್ನೂ ತಡೆಯಬೇಡಿ. ಫೋನಿನಲ್ಲಿ ಆ ತಿಂಗಳ ಪ್ರತಿಯನ್ನು ಇಳಿಸಿಟ್ಟುಕೊಂಡು, ಸಂಶಯ ಬಂದಾಗಲೆಲ್ಲ ಅಲ್ಲೇ ತೆರೆದು ನೋಡಿ. ನಾನು ಈ ಬರಹದಲ್ಲಿ ಕೊಡುವ ಅಳತೆಗಳನ್ನೂ ಹಾಗೆಯೇ ಪುಸ್ತಕದೊಂದಿಗೆ ತಾಳೆ ನೋಡಬೇಕು.

ಉಡುಪಿನ ವಿಷಯದಲ್ಲಿ ಹತ್ತಿಯ ಬಟ್ಟೆ, ಮುಚ್ಚಿದ ಗಟ್ಟಿ ಶೂ, ಟೊಪ್ಪಿ ಇವಿಷ್ಟು ಸಾಕು. ಜೋಳಿಗೆಯಲ್ಲಿ ಒಳ್ಳೆಯ ಟಾರ್ಚ್, ಉದ್ದ ಹಿಡಿಕೆಯ ಸಣ್ಣ ಕನ್ನಡಿ, ಅಳತೆ ಟೇಪು, ವರ್ನಿಯರ್ ಕ್ಯಾಲಿಪರ್, ಟೈರಿನ ಗಾಳಿಯೊತ್ತಡದ ಮಾಪಕ, ತೆಳುವಾದ ಕೈಗವಸು, ಒದ್ದೆಯಾದರೂ ಬರೆಯುವ ಪೆನ್ನು ಇರಲಿ. ಜ್ಯಾಕ್ ಒಂದರ ಮೇಲಷ್ಟೇ ನಿಂತಿರುವ ಕಾರಿನ ಕೆಳಗೆ ತಲೆ ಹಾಕಬಾರದು. ಕೆಳಗೆ ನೋಡಲೇಬೇಕಾದರೆ ಸ್ಟ್ಯಾಂಡ್ ಇಡಿಸಿ.

ಕಾಗದಪತ್ರದಿಂದ ಶುರು

ಕಾರುಗಳು ಬರತೊಡಗುವುದು ಸಾಮಾನ್ಯವಾಗಿ ಶುಕ್ರವಾರ ಸಂಜೆ ಅಥವಾ ಶನಿವಾರ ನಸುಕಿನಲ್ಲಿ. ಪ್ರತಿ ರೇಸ್ ಕಾರಿಗೂ ಒಂದು ಲಾಗ್‌ಬುಕ್ ಇರುತ್ತದೆ. ಕಾರು ಮೊದಲ ಬಾರಿ ಅನುಮೋದನೆ ಪಡೆದ ದಿನದಿಂದ ಅದು ಕಂಡ ತಪಾಸಣೆ, ಅಪಘಾತ, ಆಕ್ಷೇಪಗಳೆಲ್ಲ ಅದರಲ್ಲಿ ದಾಖಲಾಗಿರುತ್ತವೆ. ಸಂಪೂರ್ಣ ತಪಾಸಣೆ ವರ್ಷಕ್ಕೊಮ್ಮೆ ನಡೆಯುತ್ತದೆ; ಅದು ಚಾಲ್ತಿಯಲ್ಲಿದ್ದರೆ ಆ ವಾರಾಂತ್ಯಕ್ಕೆ ಲಾಗ್‌ಬುಕ್ ನೋಡಿ ಸ್ಟಿಕ್ಕರ್ ಕೊಡುವುದಷ್ಟೇ ಉಳಿಯುವುದೂ ಉಂಟು.

ಹೊಸಬರು ಲಾಗ್‌ಬುಕ್ಕಿನ ಕೊನೆಯ ಸಹಿಯನ್ನು ಮಾತ್ರ ನೋಡಿ ಮುಗಿಸುತ್ತಾರೆ. ಹಾಗೆ ಮಾಡಬಾರದು. ಹಿಂದಿನ ನಾಲ್ಕೈದು ಪುಟಗಳನ್ನು ಓದಿ. ‘ಮುಂದಿನ ರೇಸಿನೊಳಗೆ ಸರಿಪಡಿಸತಕ್ಕದ್ದು’ ಎಂದು ಹಿಂದೊಬ್ಬ ತಪಾಸಕ ಬರೆದಿದ್ದರೆ, ಸರಿಪಡಿಸಿದ್ದಕ್ಕೆ ಗುರುತು ಇದೆಯೇ ನೋಡಿ. ಲಾಗ್‌ಬುಕ್ಕಿನ ಸಂಖ್ಯೆಯೂ ರೋಲ್ ಕೇಜಿಗೆ ಅಂಟಿಸಿದ ಅಥವಾ ಒತ್ತಿದ ಸಂಖ್ಯೆಯೂ ಒಂದೇ ಆಗಿರಬೇಕು. ಕಾರು ಕೈಬದಲಾದಾಗ ಈ ಸಂಖ್ಯೆಗಳು ಅದಲುಬದಲಾಗುವ ಸಾಧ್ಯತೆ ಹೆಚ್ಚು.

ಹೆಲ್ಮೆಟ್, ಉಡುಪು, ಕುತ್ತಿಗೆಯ ರಕ್ಷಣೆ

ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡು ಒಳಗಿನ ಮೆತ್ತೆಯನ್ನು ಸರಿಸಿದರೆ ಸ್ನೆಲ್ ಚೀಟಿ ಸಿಗುತ್ತದೆ. ಅದರ ಮೇಲೆ ಎಸ್‌ಎ ಎಂಬ ಅಕ್ಷರಗಳೂ ವರ್ಷವೂ ಇರಬೇಕು: ಎಸ್‌ಎ2015, ಎಸ್‌ಎ2020 ಹೀಗೆ. ಈ ಮಾನದಂಡ ಸುಮಾರು ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಹಳೆಯವು ಯಾವ ದಿನದವರೆಗೆ ನಡೆಯುತ್ತವೆ ಎಂಬುದನ್ನು ಕ್ಲಬ್ ಪ್ರಕಟಿಸುತ್ತದೆ. ಎಂ ಎಂಬ ಅಕ್ಷರವಿರುವುದು ಮೋಟಾರ್‌ಸೈಕಲ್ಲಿನ ಹೆಲ್ಮೆಟ್. ಹೊರನೋಟಕ್ಕೆ ಎರಡೂ ಒಂದೇ ತರಹ ಕಂಡರೂ, ಎಸ್‌ಎ ಹೆಲ್ಮೆಟ್ಟಿಗೆ ಬೆಂಕಿ ತಡೆಯುವ ಪರೀಕ್ಷೆಯೂ ಕೇಜಿನ ಕೊಳವೆಯಂಥ ದುಂಡನೆಯ ಲೋಹಕ್ಕೆ ತಲೆ ಬಡಿಯುವುದನ್ನು ತಾಳುವ ಪರೀಕ್ಷೆಯೂ ಆಗಿರುತ್ತದೆ, ಮೋಟಾರ್‌ಸೈಕಲ್ಲಿನದಕ್ಕೆ ಆಗಿರುವುದಿಲ್ಲ. ಚೀಟಿ ಸರಿಯಿದ್ದರೂ ಚಿಪ್ಪಿನಲ್ಲಿ ಬಿರುಕು, ಒಳಗಿನ ಫೋಮಿನಲ್ಲಿ ಒತ್ತಿಹೋದ ಗುಂಡಿ, ಗಲ್ಲದ ಪಟ್ಟಿಯ ಸವೆತ ಇವನ್ನು ಬೆರಳಿನಿಂದ ತಡವಿ ನೋಡಬೇಕು. ಫೋಮು ಒಮ್ಮೆ ಪೆಟ್ಟು ತಿಂದು ಒತ್ತಿಕೊಂಡರೆ ಎರಡನೆಯ ಪೆಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ.

ಉಡುಪಿನ ಮೇಲೆ ಎಸ್‌ಎಫ್‌ಐ (ರೇಸ್ ಸಾಮಗ್ರಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ) ಅಥವಾ ಎಫ್‌ಐಎ (ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ) ಚೀಟಿ ಇರಬೇಕು. ಎಸ್‌ಎಫ್‌ಐ 3.2ಎ ಮಾನದಂಡದಲ್ಲಿ ಓರೆಗೆರೆಯ ನಂತರ ಬರುವ ಅಂಕಿ ರಕ್ಷಣೆಯ ಮಟ್ಟವನ್ನು ಹೇಳುತ್ತದೆ. 1 ಎಂದಿದ್ದರೆ ಬೆಂಕಿಯಲ್ಲಿ ಸುಮಾರು 3 ಸೆಕೆಂಡುಗಳಲ್ಲಿ ಚರ್ಮಕ್ಕೆ ಎರಡನೆಯ ದರ್ಜೆಯ ಸುಟ್ಟಗಾಯವಾಗಬಹುದು. 5 ಎಂದಿದ್ದರೆ ಸುಮಾರು 10 ಸೆಕೆಂಡು ಸಮಯ ಸಿಗುತ್ತದೆ. ಬೆಲ್ಟು ಬಿಚ್ಚಿ, ಕಿಟಕಿಯ ಬಲೆ ಸರಿಸಿ, ಕಾರಿನಿಂದ ಹೊರಬರಲು ಎಷ್ಟು ಹೊತ್ತು ಬೇಕೆಂದು ಯಾವುದಾದರೂ ಚಾಲಕರನ್ನು ಮಾಡಿ ತೋರಿಸಲು ಕೇಳಿದರೆ ಈ ಎರಡು ಅಂಕಿಗಳ ಅಂತರ ಅರ್ಥವಾಗುತ್ತದೆ. ಕಡಿಮೆ ಮಟ್ಟದ ಉಡುಪಿಗೆ ಬೆಂಕಿ ತಡೆಯುವ ಒಳಉಡುಪು ಕಡ್ಡಾಯ. ನೈಲಾನ್, ಪಾಲಿಯೆಸ್ಟರ್ ಒಳಉಡುಪು ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ಹೊಸ ಚಾಲಕರಿಗೆ ತಾಳ್ಮೆಯಿಂದ ತಿಳಿಸಿ. ಗ್ರೀಸು, ಪೆಟ್ರೋಲು ಮೆತ್ತಿಕೊಂಡ ಉಡುಪು ಎಷ್ಟು ದುಬಾರಿಯದಾದರೂ ಬೆಂಕಿಗೆ ಬತ್ತಿಯಾಗುತ್ತದೆ. ತೊಳೆದು ತರಲು ಹೇಳಿ.

ತಲೆ ಮತ್ತು ಕುತ್ತಿಗೆಯನ್ನು ಹಿಡಿದಿಡುವ ಸಾಧನದ ಕತೆಯನ್ನು ಪ್ರತಿ ತಪಾಸಕನೂ ತಿಳಿದಿರಬೇಕು. 1981ರಲ್ಲಿ ಮಿಡ್-ಒಹಾಯೊ ಟ್ರ್ಯಾಕಿನಲ್ಲಿ ಪ್ಯಾಟ್ರಿಕ್ ಜಾಕ್‌ಮಾರ್ಟ್ ಎಂಬ ಚಾಲಕ ಡಿಕ್ಕಿಯಲ್ಲಿ ತೀರಿಕೊಂಡಾಗ, ಅವರ ಗೆಳೆಯ ಜಿಮ್ ಡೌನಿಂಗ್ ತಮ್ಮ ಬಂಧುವಾದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ ಅವರೊಂದಿಗೆ ಇದನ್ನು ಚರ್ಚಿಸಿದರು. ದೇಹವನ್ನು ಬೆಲ್ಟು ಹಿಡಿದಿಡುತ್ತದೆ, ತಲೆ ಮಾತ್ರ ಮುಂದಕ್ಕೆ ಹಾರುತ್ತದೆ, ತಲೆಬುರುಡೆಯ ಬುಡ ಮುರಿಯುತ್ತದೆ. ಇದನ್ನು ತಡೆಯಲು ಹಬರ್ಡ್ ರೂಪಿಸಿದ್ದೇ ಹ್ಯಾನ್ಸ್ ಸಾಧನ. ಆದರೂ 2001ರಲ್ಲಿ ಡೇಟೋನಾದಲ್ಲಿ ಹೆಸರಾಂತ ರೇಸ್ ಚಾಲಕ ಡೇಲ್ ಅರ್ನ್‌ಹಾರ್ಟ್ ಸಾಯುವವರೆಗೆ ಬಹಳ ಚಾಲಕರು ಅದನ್ನು ಒಲ್ಲದೆ ಇದ್ದರು. ತಪಾಸಣೆಯಲ್ಲಿ ಎಸ್‌ಎಫ್‌ಐ 38.1 ಅಥವಾ ಎಫ್‌ಐಎ 8858 ಚೀಟಿ ನೋಡಿ. ಎಸ್‌ಎಫ್‌ಐ ಚೀಟಿಯದಾದರೆ ಐದು ವರ್ಷಕ್ಕೊಮ್ಮೆ ಮರುಪ್ರಮಾಣೀಕರಣ ಬೇಕು. ಹೆಲ್ಮೆಟ್ಟಿಗೆ ಕೂಡಿಸುವ ಎರಡೂ ಬದಿಯ ಕೊಂಡಿಗಳನ್ನು ಸಿಕ್ಕಿಸಿ ಎಳೆದು ನೋಡಿ. ಆ ಕೊಂಡಿಯ ಸ್ಕ್ರೂ ಸಡಿಲವಾಗಿರುವುದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ.

ಕಾರಿನ ಸುತ್ತ

ಪ್ರತಿ ಕಾರನ್ನೂ ಒಂದೇ ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಡ ಮುಂಚಕ್ರದಿಂದ ಆರಂಭಿಸಿ ಪ್ರದಕ್ಷಿಣೆಯಾಗಿ ಬರುವುದು, ಬಾನೆಟ್ ತೆರೆಯುವುದು, ಚಾಲಕನ ಕೋಣೆ, ಕೊನೆಗೆ ಹಿಂಬದಿಯ ಸಾಮಾನಿನ ಡಿಕ್ಕಿ. ನಡುವೆ ಯಾರಾದರೂ ಮಾತಿಗೆಳೆದರೆ, ನಿಲ್ಲಿಸಿದ ಜಾಗಕ್ಕಿಂತ ಒಂದು ಹೆಜ್ಜೆ ಹಿಂದಿನಿಂದ ಮತ್ತೆ ಶುರುಮಾಡಿ. ಪ್ಯಾಡಕ್ಕಿನಲ್ಲಿ, ಅಂದರೆ ತಂಡಗಳು ಕಾರು ನಿಲ್ಲಿಸಿ ಸಿದ್ಧಪಡಿಸುವ ಅಂಗಳದಲ್ಲಿ, ಮಾತಿಗೆ ಬರವಿಲ್ಲ. ತಪ್ಪಿಹೋಗುವ ಅಂಶಗಳಲ್ಲಿ ಹೆಚ್ಚಿನವು ಮಾತಿನ ನಡುವೆ ತಪ್ಪಿದವು.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಆಟವಿದ್ದರೆ ಸ್ಟೀರಿಂಗಿನ ಟೈ ರಾಡ್ ತುದಿಯನ್ನು ನೋಡಬೇಕು. ನಟ್ಟುಗಳೆಲ್ಲ ಇರಬೇಕು, ಸ್ಟಡ್ಡಿನ ಮೇಲೆ ಪೂರ್ತಿ ಹಿಡಿದಿರಬೇಕು. ಟೈರಿನ ಒಳಮೈಯನ್ನೂ ನೋಡಿ; ಹೊರಮೈ ಹೊಸದರಂತಿದ್ದು ಒಳಮೈಯಲ್ಲಿ ದಾರ ಕಾಣುವ ಟೈರುಗಳುಂಟು, ಏಕೆಂದರೆ ರೇಸ್ ಕಾರಿನ ಚಕ್ರಗಳನ್ನು ಒಳಕ್ಕೆ ವಾಲಿಸಿ ಕೂರಿಸಿರುತ್ತಾರೆ. ಬ್ರೇಕ್ ಹೋಸು ಚಕ್ರ ತಿರುಗಿದಾಗ ಎಲ್ಲಿಯೂ ಉಜ್ಜಬಾರದು. ಎಳೆಯುವ ಕೊಂಡಿಗಳು ಹಿಂದೆ ಮುಂದೆ ಎರಡೂ ಕಡೆ ಇದ್ದು, ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತಿರಬೇಕು. ಅವುಗಳ ಒಳವ್ಯಾಸ ಕನಿಷ್ಠ 2 ಇಂಚು. ಜಲ್ಲಿಯಲ್ಲಿ ಹೂತ ಕಾರನ್ನು ಎಳೆಯಲು ಬಂದವರಿಗೆ ಕೊಂಡಿ ಹುಡುಕುವ ಸಮಯವಿರುವುದಿಲ್ಲ. ಬ್ರೇಕ್ ದೀಪ, ಕನ್ನಡಿ, ಕಾರಿನ ಸಂಖ್ಯೆಗಳ ಗಾತ್ರ ಇವೆಲ್ಲ ಬೇಗ ಮುಗಿಯುವ ಕೆಲಸ.

ಬಾನೆಟ್ಟಿನ ಕೆಳಗೆ ನೋಡಬೇಕಾದದ್ದು ಶಕ್ತಿಯನ್ನಲ್ಲ, ಸೋರಿಕೆಯನ್ನು. ಎಂಜಿನ್ನಿನ ಉಸಿರು ಕೊಳವೆಯಿಂದ ಬರುವ ಎಣ್ಣೆಯನ್ನೂ ರೇಡಿಯೇಟರಿನಿಂದ ಉಕ್ಕುವ ನೀರನ್ನೂ ಹಿಡಿಯಲು ಡಬ್ಬಿಗಳಿರಬೇಕು, ಅವು ಖಾಲಿಯಾಗಿರಬೇಕು. ಬೇರೆಯವರ ಚಕ್ರದ ಕೆಳಗೆ ಎಣ್ಣೆ ಚೆಲ್ಲಿದರೆ ಅದು ಒಬ್ಬರ ಕಾರಿನ ತೊಂದರೆಯಾಗಿ ಉಳಿಯುವುದಿಲ್ಲ. ಗ್ಲೈಕಾಲ್ ಬೆರೆತ ಕೂಲೆಂಟ್ ಟಾರಿನ ಮೇಲೆ ಎಣ್ಣೆಯಷ್ಟೇ ಜಾರುತ್ತದೆ, ತೊಳೆದು ತೆಗೆಯುವುದೂ ಕಷ್ಟ. ಆಕ್ಸಿಲರೇಟರನ್ನು ಒತ್ತಿ ಬಿಟ್ಟಾಗ ಥ್ರಾಟಲ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂಬುದನ್ನು ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗೆ ನಿಂತು ನೋಡಬೇಕು. ಬ್ಯಾಟರಿಯನ್ನು ಎರಡು ಕೈಯಿಂದ ಹಿಡಿದು ಜೋರಾಗಿ ಅಲುಗಿಸಿ. ಅದು ಕದಲಿದರೆ ಬಿಗಿಯಲು ಹೇಳಿ. ಪಾಸಿಟಿವ್ ತುದಿಗೆ ಮುಚ್ಚಳವಿರಬೇಕು.

ಎಂಜಿನ್ ಕೋಣೆಗೂ ಚಾಲಕನಿಗೂ ನಡುವಿನ ಗೋಡೆಯಲ್ಲಿ ತೂತುಗಳಿರಬಾರದು. ಇದನ್ನು ಕಂಡುಹಿಡಿಯಲು ಸುಲಭದ ಉಪಾಯವಿದೆ: ಬಾನೆಟ್ಟಿನ ಕಡೆಯಿಂದ ಟಾರ್ಚ್ ಹಿಡಿಯಿರಿ, ಇನ್ನೊಬ್ಬರು ಒಳಗಿನಿಂದ ಬೆಳಕು ಬರುವ ಜಾಗ ಹುಡುಕಲಿ. ಬೆಳಕು ಬರುವ ದಾರಿಯಲ್ಲೇ ಬೆಂಕಿಯೂ ಬರುತ್ತದೆ.

ಚಾಲಕನ ಕೋಣೆ

ಸಮಯ ಕಡಿಮೆಯಿದ್ದರೆ ಬೇರೆಲ್ಲವನ್ನೂ ಬೇಗ ಮುಗಿಸಿ, ಇಲ್ಲಿ ಮಾತ್ರ ಆತುರಪಡಬೇಡಿ.

ಬೆಲ್ಟಿನಿಂದ ಆರಂಭಿಸಿ. ಅದರ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷಗಳನ್ನು ತೂತು ಹೊಡೆದು ಗುರುತಿಸಿರುತ್ತಾರೆ, ಅಥವಾ ಅವಧಿ ಮುಗಿಯುವ ವರ್ಷವನ್ನು ಅಚ್ಚು ಮಾಡಿರುತ್ತಾರೆ. ಯಾವ ಮಾನದಂಡದ ಬೆಲ್ಟಿಗೆ ಎಷ್ಟು ಆಯಸ್ಸು ಎಂಬುದನ್ನು ಪುಸ್ತಕದಲ್ಲಿ ನೋಡಿ. ಈ ಅವಧಿಯ ಬಗ್ಗೆ ಚಾಲಕರಿಂದ ಬರುವಷ್ಟು ದೂರು ಬೇರಾವುದರ ಬಗ್ಗೆಯೂ ಬರುವುದಿಲ್ಲ, ಏಕೆಂದರೆ ಅವಧಿ ಮುಗಿದ ಬೆಲ್ಟು ನೋಡಲು ಹೊಸದರಂತೆಯೇ ಇರುತ್ತದೆ. ಬಿಸಿಲು ಅದರ ನೂಲನ್ನು ದುರ್ಬಲ ಮಾಡುವುದು ಕಣ್ಣಿಗೆ ಕಾಣುವ ಕ್ರಿಯೆಯಲ್ಲ. ಇಲ್ಲಿ ವಾದಕ್ಕೆ ಅವಕಾಶವಿಲ್ಲ. ದಿನಾಂಕ ದಾಟಿದ್ದರೆ ದಾಟಿದೆ.

ದಿನಾಂಕದಷ್ಟೇ ಮುಖ್ಯವಾದದ್ದು ಬೆಲ್ಟನ್ನು ಕಟ್ಟಿರುವ ರೀತಿ. ಮೂರು ಸರಳಿನ ಲೋಹದ ಬಿಲ್ಲೆಯ ಮೂಲಕ ಪಟ್ಟಿಯನ್ನು ಹಾಯಿಸಿದಾಗ ಅದರ ತುದಿ ಮತ್ತೊಮ್ಮೆ ಮಡಚಿ ಬಿಲ್ಲೆಯೊಳಗೆ ವಾಪಸು ಬಂದಿರಬೇಕು. ಇಲ್ಲದಿದ್ದರೆ ಡಿಕ್ಕಿಯ ಎಳೆತಕ್ಕೆ ಜಾರಿಹೋಗುತ್ತದೆ. ಕೊಕ್ಕೆಯಂತೆ ಸಿಕ್ಕಿಸುವ ತುದಿಯಾದರೆ ಅದಕ್ಕೆ ಪಿನ್ನು ಹಾಕಿರಬೇಕು. ಸೊಂಟದ ಪಟ್ಟಿ ಉಡಿದಾರ ನಿಲ್ಲುವ ಹಾಗೆ ಕೆಳಗೆ, ಸೊಂಟದ ಮೂಳೆಯ ಮೇಲೆ ನಿಲ್ಲಬೇಕು. ಹೊಟ್ಟೆಯ ಮೇಲೆ ಏರಿದರೆ ಅದು ಕರುಳನ್ನು ಹಿಂಡುತ್ತದೆ. ಕಾಲುಗಳ ನಡುವಿನ ಪಟ್ಟಿ ಇರುವುದು ಸೊಂಟದ ಪಟ್ಟಿ ಮೇಲೇರದಂತೆ ತಡೆಯಲು. ಭುಜದ ಪಟ್ಟಿಗಳು ಬೆನ್ನಹಿಂದೆ ಹೆಚ್ಚುಕಡಿಮೆ ಸಮತಟ್ಟಾಗಿ ಹೋಗಬೇಕು. ಅವು ಕಡಿದಾಗಿ ನೆಲದತ್ತ ಇಳಿದರೆ, ಡಿಕ್ಕಿಯಲ್ಲಿ ಭುಜವನ್ನು ಕೆಳಕ್ಕೆ ಎಳೆದು ಬೆನ್ನೆಲುಬನ್ನು ಕುಗ್ಗಿಸುತ್ತವೆ. ಚಾಲಕರನ್ನು ಕೂರಿಸಿ, ಪೂರ್ತಿ ಬಿಗಿಸಿ ನೋಡದೆ ಇವು ಯಾವುವೂ ತಿಳಿಯುವುದಿಲ್ಲ. ವಾರ್ಷಿಕ ತಪಾಸಣೆಯಲ್ಲಾದರೂ ಇದನ್ನು ತಪ್ಪದೆ ಮಾಡಿ.

ಸೀಟನ್ನು ಹಿಡಿದು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಜೋರಾಗಿ ಎಳೆಯಿರಿ. ಸೀಟು ಕದಲಿದರೆ ಬೆಲ್ಟು ಎಷ್ಟೇ ಹೊಸದಿದ್ದರೂ ಪ್ರಯೋಜನವಿಲ್ಲ. ತೆಳು ತಗಡಿನ ನೆಲಕ್ಕೆ ಬೋಲ್ಟು ಹಾಕಿದ್ದರೆ ಕೆಳಗಡೆ ಅಗಲವಾದ ಲೋಹದ ತಟ್ಟೆ ಇದೆಯೇ ನೋಡಿ.

ರೋಲ್ ಕೇಜಿನ ಕೊಳವೆಯ ವ್ಯಾಸ, ದಪ್ಪಗಳು ಕಾರಿನ ತೂಕವನ್ನು ಅವಲಂಬಿಸಿವೆ, 1.5 ಇಂಚಿನ ವ್ಯಾಸ, 0.095 ಇಂಚಿನ ದಪ್ಪ ಎಂಬುದು ಸಾಮಾನ್ಯವಾಗಿ ಎದುರಾಗುವ ಅಳತೆ. ದಪ್ಪವನ್ನು ಅಳೆಯಲೆಂದೇ ಚಾಲಕರ ಬೆನ್ನ ಹಿಂದಿನ ಮುಖ್ಯ ಕಮಾನಿನಲ್ಲಿ ಕನಿಷ್ಠ 3/16 ಇಂಚಿನ ಒಂದು ತೂತು ಕೊರೆದಿರುತ್ತಾರೆ. ಬೆಸುಗೆಯನ್ನು ನೋಡುವಾಗ ಕೈಗೆ ಸುಲಭವಾಗಿ ಸಿಗುವ ಜಾಗಗಳನ್ನು ನೋಡಿ ತೃಪ್ತರಾಗಬೇಡಿ. ಚಾವಣಿಗೆ ತಾಗಿದಂತಿರುವ ಮೇಲ್ಭಾಗದಲ್ಲಿ ಬೆಸುಗೆ ಹಾಕುವವರಿಗೆ ಕೈ ಹೋಗುವುದು ಕಷ್ಟ, ಆದ್ದರಿಂದ ಅರ್ಧ ಸುತ್ತಿಗೇ ನಿಲ್ಲಿಸಿರುವ ಸಂಭವ ಅಲ್ಲೇ ಹೆಚ್ಚು. ಕನ್ನಡಿಯನ್ನೋ ಫೋನಿನ ಕ್ಯಾಮೆರಾವನ್ನೋ ಅಲ್ಲಿ ತೂರಿಸಿ. ಕೇಜಿನ ಪಾದಗಳು ನೆಲಕ್ಕೆ ಸೇರುವಲ್ಲಿ ತುಕ್ಕು, ಬಣ್ಣದ ಬಿರುಕು ಕಂಡರೆ ನಿಂತು ನೋಡಿ. ಬಣ್ಣ ಸುಮ್ಮನೆ ಬಿರುಕು ಬಿಡುವುದಿಲ್ಲ, ಕೆಳಗಿನ ಲೋಹ ಅಲುಗಿದೆ ಎಂದರ್ಥ. ಹೆಲ್ಮೆಟ್ ತೊಟ್ಟು ಕೂತ ಚಾಲಕರ ತಲೆ ಮುಖ್ಯ ಕಮಾನಿಗಿಂತ ಕೆಳಗಿರಬೇಕು. ತೆರೆದ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಕಮಾನುಗಳ ಮೇಲೆ ಉದ್ದನೆಯ ಕೋಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ತಲೆ, ಮೊಣಕಾಲು ತಗಲಬಹುದಾದ ಕೊಳವೆಗಳಿಗೆ ಗಟ್ಟಿ ಫೋಮಿನ ಹೊದಿಕೆ ಬೇಕು. ಮನೆಯ ನೀರಿನ ಕೊಳವೆಗೆ ಸುತ್ತುವ ಮೆತ್ತನೆಯ ಫೋಮು ಇಲ್ಲಿ ಸಲ್ಲದು.

ಅಪಾಯದಲ್ಲಿ ಕಾರಿನ ವಿದ್ಯುತ್ತನ್ನೆಲ್ಲ ಒಮ್ಮೆಗೇ ಕಡಿಯುವ ಕಿಲ್ ಸ್ವಿಚ್ಚಿನ ಪರೀಕ್ಷೆಯನ್ನು ಎಂಜಿನ್ ಓಡುತ್ತಿರುವಾಗಲೇ ಮಾಡಬೇಕು. ಬ್ಯಾಟರಿಯ ಸಂಪರ್ಕ ಮಾತ್ರ ಕಡಿಯುವಂತೆ ತಂತಿ ಎಳೆದಿದ್ದರೆ ದೀಪಗಳು ಆರುತ್ತವೆ, ಆದರೆ ಆಲ್ಟರ್ನೇಟರಿನ ವಿದ್ಯುತ್ತಿನಿಂದ ಎಂಜಿನ್ನೂ ಪೆಟ್ರೋಲ್ ಪಂಪೂ ಓಡುತ್ತಲೇ ಇರುತ್ತವೆ. ಎಂಜಿನ್ ನಿಂತರೆ ಮಾತ್ರ ಪಾಸು. ಸ್ವಿಚ್ಚಿನ ಜಾಗವನ್ನು ಬಿಳಿ ಅಂಚಿನ ನೀಲಿ ತ್ರಿಕೋನದೊಳಗಿನ ಕೆಂಪು ಮಿಂಚಿನ ಗುರುತು ತೋರಿಸಬೇಕು. ಬೆಂಕಿ ಆರಿಸುವ ವ್ಯವಸ್ಥೆಗೆ ಒತ್ತಡದ ಮುಳ್ಳು ಹಸಿರಿನಲ್ಲಿದೆಯೇ, ಸೇವಾ ದಿನಾಂಕ ಚಾಲ್ತಿಯಲ್ಲಿದೆಯೇ ನೋಡಿ. ಪ್ಯಾಡಕ್ಕಿನಲ್ಲಿ ಅಕಸ್ಮಾತ್ ಸಿಡಿಯದಿರಲೆಂದು ಅದಕ್ಕೆ ಒಂದು ಪಿನ್ನು ಹಾಕಿರುತ್ತಾರೆ. ಟ್ರ್ಯಾಕಿಗೆ ಹೋಗುವ ಮುನ್ನ ಅದನ್ನು ತೆಗೆಯಲು ಮರೆಯುವವರು ಇರುವುದರಿಂದ ಗ್ರಿಡ್ಡಿನಲ್ಲಿ (ರೇಸಿಗೆ ಮುನ್ನ ಕಾರುಗಳು ಸಾಲಾಗಿ ನಿಲ್ಲುವ ಜಾಗದಲ್ಲಿ) ನಿಂತ ತಪಾಸಕ ಆ ಪಿನ್ನಿನ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ಕಿಟಕಿಯ ಬಲೆ ಒಂದೇ ಕೈಯಲ್ಲಿ ಬಿಚ್ಚಿಕೊಳ್ಳಬೇಕು. ಕಾರ್ಖಾನೆಯಿಂದ ಬಂದ ಸ್ಟೀರಿಂಗ್ ಲಾಕನ್ನು ತೆಗೆದುಹಾಕಿರಬೇಕು.

ಇಲ್ಲ ಎನ್ನುವ ಬಗೆ

ಚಾಲಕರು ತಿಂಗಳುಗಟ್ಟಲೆ ದುಡಿದು, ರಾತ್ರಿಯಿಡೀ ಟ್ರೇಲರ್ ಎಳೆದುಕೊಂಡು ಬಂದಿರುತ್ತಾರೆ. ಅವರಲ್ಲಿ ನಿಮ್ಮ ಗೆಳೆಯರೂ ಇರುತ್ತಾರೆ. ದಾಕ್ಷಿಣ್ಯಕ್ಕೆ ಒಳಗಾಗುವುದು ಇಲ್ಲೇ. ಕೊರತೆ ಕಂಡಾಗ ಮೊದಲು ನಿಯಮದ ಸಾಲನ್ನು ತೆರೆದು ತೋರಿಸಿ, ಆಮೇಲೆ ಅದರ ಕಾರಣವನ್ನು ಹೇಳಿ, ಕೊನೆಗೆ ಅದನ್ನು ಅಲ್ಲೇ ಸರಿಪಡಿಸಲು ದಾರಿಯಿದೆಯೇ ಎಂದು ಅವರೊಂದಿಗೆ ಯೋಚಿಸಿ. ಪಕ್ಕದ ಗ್ಯಾರೇಜಿನವರ ಬಳಿ ಎರವಲು ಬೆಲ್ಟು ಸಿಗಬಹುದು, ಬೆಸುಗೆ ಯಂತ್ರ ತಂದವರು ಇರಬಹುದು. ಹವ್ಯಾಸಿ ರೇಸಿನ ಪ್ಯಾಡಕ್ಕಿನಲ್ಲಿ ಸಹಾಯ ಕೇಳಿದವರಿಗೆ ಇಲ್ಲವೆನ್ನುವವರು ಕಡಿಮೆ. ಪ್ರಾಣಕ್ಕೆ ಅಪಾಯವಿಲ್ಲದ ಸಣ್ಣ ಕೊರತೆಯನ್ನು ಮುಂದಿನ ರೇಸಿನೊಳಗೆ ಸರಿಪಡಿಸುವಂತೆ ಲಾಗ್‌ಬುಕ್ಕಿನಲ್ಲಿ ಬರೆದು ಬಿಡಬಹುದು. ಯಾವುದು ಸಣ್ಣದು ಎಂಬ ಬಗ್ಗೆ ಅನುಮಾನ ಬಂದರೆ ವಿಭಾಗದ ಮುಖ್ಯಸ್ಥರನ್ನು ಕರೆಯಿರಿ. ‘ಕಳೆದ ವಾರ ಇನ್ನೊಂದು ಟ್ರ್ಯಾಕಿನಲ್ಲಿ ಪಾಸು ಮಾಡಿದ್ದರು’ ಎಂಬ ಮಾತು ನಿಜವೇ ಇರಬಹುದು. ಅದಕ್ಕೆ ಸಿಟ್ಟಾಗದೆ, ಅದಕ್ಕೆ ಮಣಿಯದೆ ಇರುವುದನ್ನು ಕಲಿಯಬೇಕು.

ಬರೆಯುವಾಗ ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ. ‘ಬ್ರೇಕ್ ಚೆನ್ನಾಗಿಲ್ಲ’ ಎಂಬ ಸಾಲಿನಿಂದ ಮುಂದಿನ ತಪಾಸಕನಿಗೆ ಏನೂ ತಿಳಿಯುವುದಿಲ್ಲ. ‘ಬಲ ಮುಂಚಕ್ರದ ಬ್ರೇಕ್ ಹೋಸು ರಿಮ್ಮಿಗೆ ಉಜ್ಜಿ ಹೊರಪದರ ಸವೆದಿದೆ’ ಎಂಬ ಸಾಲು ಅವನನ್ನು ನೇರವಾಗಿ ಆ ಜಾಗಕ್ಕೆ ಕರೆದೊಯ್ಯುತ್ತದೆ.

ಅಪಘಾತದ ನಂತರ

ಗೋಡೆಗೋ ಇನ್ನೊಂದು ಕಾರಿಗೋ ಬಡಿದು ಬಂದ ಕಾರನ್ನು ಮತ್ತೆ ಟ್ರ್ಯಾಕಿಗೆ ಬಿಡುವ ಮುನ್ನ ಪುನಃ ತಪಾಸಣೆ ಮಾಡಲೇಬೇಕು. ಆ ಹೊತ್ತಿನಲ್ಲಿ ಮುಂದಿನ ಸುತ್ತಿಗೆ ಅರ್ಧ ಗಂಟೆ ಮಾತ್ರ ಉಳಿದಿರುತ್ತದೆ, ತಂಡದವರು ಸುತ್ತಿಗೆ ಹಿಡಿದು ತಗಡು ನೆಟ್ಟಗೆ ಮಾಡುತ್ತಿರುತ್ತಾರೆ. ತಗಡಿನ ಮೇಲೆ ಗಮನ ಇಡಬೇಡಿ. ಚಕ್ರಗಳು ನೇರವಾಗಿವೆಯೇ, ಸಸ್ಪೆನ್ಷನ್ ತೋಳುಗಳು ಬಾಗಿವೆಯೇ, ಪೆಟ್ರೋಲ್ ಟ್ಯಾಂಕಿನ ಕೊಳವೆ ಸೋರುತ್ತಿದೆಯೇ, ಕೇಜಿನ ಪಾದ ಕದಲಿದೆಯೇ, ಬೆಲ್ಟು ಹಿಗ್ಗಿದ ಗುರುತಿದೆಯೇ ನೋಡಿ. ದೊಡ್ಡ ಪೆಟ್ಟಾಗಿದ್ದರೆ ಬೆಲ್ಟು, ಹೆಲ್ಮೆಟ್ ಎರಡನ್ನೂ ಬದಲಿಸಬೇಕು. ಹಾನಿಯನ್ನು ಲಾಗ್‌ಬುಕ್ಕಿನಲ್ಲಿ ವಿವರವಾಗಿ ದಾಖಲಿಸಿ. ಆ ಕಾರು ನಾಳೆ ಬೇರೆ ರಾಜ್ಯಕ್ಕೆ ಮಾರಾಟವಾಗಬಹುದು. ಅಲ್ಲಿ ಅದನ್ನು ಕೊಳ್ಳುವವರಿಗೆ ಈ ಪುಟವೇ ಆಧಾರ. ಚಾಲಕರು ವೈದ್ಯರ ಬಳಿ ಹೋಗಿ ಬಂದಿದ್ದಾರೆಯೇ ಎಂದೂ ಕೇಳಿ. ಅದು ನಿಮ್ಮ ವಿಭಾಗದ ಕೆಲಸವಲ್ಲದಿದ್ದರೂ, ಪೆಟ್ಟಾದ ಮೇಲೆ ಅವರೊಂದಿಗೆ ನಿಧಾನವಾಗಿ ಮಾತಾಡುವ ಮೊದಲ ಅಧಿಕಾರಿ ನೀವೇ ಆಗಿರಬಹುದು.

ರೇಸು ಮುಗಿದ ಮೇಲೆ

ಬಾವುಟ ಬಿದ್ದ ನಂತರ ಮುಂಚೂಣಿಯ ಕಾರುಗಳು ನೇರವಾಗಿ ಇಂಪೌಂಡ್ ಎಂಬ ಆವರಣಕ್ಕೆ ಬರುತ್ತವೆ. ಇಲ್ಲಿಂದ ಕೆಲಸದ ಸ್ವರೂಪ ಬದಲಾಗುತ್ತದೆ: ಬೆಳಿಗ್ಗೆ ನೋಡಿದ್ದು ಸುರಕ್ಷತೆ, ಈಗ ನೋಡುವುದು ನ್ಯಾಯ. ತಂಡದವರು ಕಾರನ್ನು ಮುಟ್ಟುವಂತಿಲ್ಲ. ಚಾಲಕರ ಸಮೇತ ಕಾರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಬೇಕು. ತಕ್ಕಡಿ ಸಮತಟ್ಟಾದ ನೆಲದ ಮೇಲಿರಬೇಕು; ರೇಸಿನ ಮೊದಲೇ ಅದನ್ನು ಚಾಲಕರ ಬಳಕೆಗೆ ತೆರೆದಿಟ್ಟರೆ ಆಮೇಲಿನ ಜಗಳಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಬಿಸಿಯಾದ ಸೈಲೆನ್ಸರ್, ಬ್ರೇಕುಗಳ ಬಗ್ಗೆ ಎಚ್ಚರವಿರಲಿ.

ಮಾಜ್ಡಾ ಕಂಪನಿಯ ಪುಟ್ಟ ಕಾರಿನಿಂದ ರೂಪುಗೊಂಡ ಸ್ಪೆಕ್ ಮಿಯಾಟಾ ವರ್ಗದಲ್ಲಿ ಎಲ್ಲರ ಕಾರೂ ಸಮನಾಗಿರಬೇಕು ಎಂಬುದೇ ಆಟದ ಮೂಲ. ಆದ್ದರಿಂದ ಅಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿಟ್ಟ ತಟ್ಟೆಯ ತೂತಿನ ಗಾತ್ರವನ್ನು ಅಳೆಯುತ್ತಾರೆ; ವಿಸ್ಲರ್ ಎಂಬ ಉಪಕರಣದಿಂದ, ಎಂಜಿನ್ನಿನ ತಲೆ ಬಿಚ್ಚದೆಯೇ, ಕಂಪ್ರೆಷನ್ ಅನುಪಾತವನ್ನು ಕಂಡುಕೊಳ್ಳುತ್ತಾರೆ. ಪೆಟ್ರೋಲಿಗೆ ಬೇರೇನನ್ನಾದರೂ ಬೆರೆಸಿದ್ದಾರೆಯೇ ಎಂದು ತಿಳಿಯಲು ಅದರ ವಿದ್ಯುತ್ ಗುಣವನ್ನು ಅಳೆಯುವ ಸಣ್ಣ ಮಾಪಕವಿದೆ. 1963ರಲ್ಲಿ ಫೋಕ್ಸ್‌ವಾಗನ್ ಬೀಟಲ್ಲಿನ ಭಾಗಗಳಿಂದ ಆರಂಭವಾದ ಫಾರ್ಮುಲಾ ವೀ ವರ್ಗ ಇಂದಿಗೂ ನಡೆಯುತ್ತಿದೆ. ಅದರ ಅಳತೆಗಳನ್ನು ಕಲಿಯಲು ಆ ವರ್ಗದಲ್ಲೇ ಬಹುಕಾಲ ಕಳೆದ ಹಿರಿಯ ತಪಾಸಕರ ಪಕ್ಕ ನಿಲ್ಲುವುದೇ ಒಳ್ಳೆಯ ದಾರಿ.

ಒಬ್ಬ ಸ್ಪರ್ಧಿ ಇನ್ನೊಬ್ಬರ ಎಂಜಿನ್ನಿನ ಬಗ್ಗೆ ತಕರಾರು ಹೂಡಿದರೆ ಅದನ್ನು ಬಿಚ್ಚಿ ನೋಡಬೇಕಾಗುತ್ತದೆ. ತಕರಾರು ಹೂಡಿದವರು ಬಿಚ್ಚಿ ಕೂಡಿಸುವ ಖರ್ಚನ್ನು ಮೊದಲೇ ಠೇವಣಿ ಇಡುತ್ತಾರೆ. ಎಂಜಿನ್ ನಿಯಮಬದ್ಧವಾಗಿದ್ದರೆ ಆ ಹಣ ಅದರ ಮಾಲೀಕರಿಗೆ, ಇಲ್ಲದಿದ್ದರೆ ಠೇವಣಿ ಇಟ್ಟವರಿಗೇ ವಾಪಸು. ನೀವು ಅಳೆದು, ಬರೆದು, ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳಿಗೆ ಒಪ್ಪಿಸಬೇಕು. ಶಿಕ್ಷೆ ಏನೆಂದು ತೀರ್ಮಾನಿಸುವುದು ಅವರ ಅಧಿಕಾರ. ಅಳೆಯುವಾಗ ಇನ್ನೊಬ್ಬ ತಪಾಸಕ ಜೊತೆಗಿರಲಿ, ಇಬ್ಬರೂ ಬೇರೆ ಬೇರೆಯಾಗಿ ಅಳೆಯಲಿ. ಫಲಿತಾಂಶವನ್ನು ಸ್ಟೀವರ್ಡ್‌ಗಳು ಪ್ರಕಟಿಸುವ ಮೊದಲು ಪ್ಯಾಡಕ್ಕಿನಲ್ಲಿ ಯಾರೊಂದಿಗೂ ಆಡಬಾರದು.

ಭಾರತದಲ್ಲಿ ಮಾಡಬಯಸುವವರಿಗೆ

ಭಾರತದಲ್ಲಿ ಮೋಟಾರ್ ಕ್ರೀಡೆಯ ನಿಯಂತ್ರಣ ಎಫ್‌ಎಂಎಸ್‌ಸಿಐ ಎಂಬ ಒಕ್ಕೂಟದ ಕೈಯಲ್ಲಿದೆ. ಇರುಂಗಾಟ್ಟುಕೋಟೆಯ ಮದ್ರಾಸ್ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಸರ್ಕ್ಯೂಟ್ ರೇಸುಗಳು ನಡೆದರೆ, ಕರ್ನಾಟಕದ ಒಲವು ಹೆಚ್ಚಾಗಿ ರ‍್ಯಾಲಿಯ ಕಡೆಗೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ಬಹುಕಾಲದಿಂದ ಹೆಸರಾಗಿದೆ. ಇಲ್ಲಿ ಎಸ್‌ಎಫ್‌ಐಗಿಂತ ಎಫ್‌ಐಎ ಚೀಟಿಗಳನ್ನು ಓದಲು ಕಲಿಯುವುದು ಹೆಚ್ಚು ಉಪಯುಕ್ತ: ಹೆಲ್ಮೆಟ್ಟಿಗೆ 8859, ಉಡುಪಿಗೆ 8856, ಕುತ್ತಿಗೆಯ ಸಾಧನಕ್ಕೆ 8858, ಬೆಲ್ಟಿಗೆ 8853. ರ‍್ಯಾಲಿಯಲ್ಲಿ ಸಹಚಾಲಕರೂ ಇರುವುದರಿಂದ ಇದೆಲ್ಲವನ್ನೂ ಎರಡು ಬಾರಿ ನೋಡಬೇಕು. ಮಣ್ಣಿನ ದಾರಿಯಲ್ಲಿ ಕಲ್ಲು ಬಡಿಯುವುದರಿಂದ ಕಾರಿನ ತಳದಲ್ಲಿ ಹಾದುಹೋಗುವ ಬ್ರೇಕ್ ಮತ್ತು ಪೆಟ್ರೋಲ್ ಕೊಳವೆಗಳನ್ನೂ, ಹಿಂದೆ ಕಟ್ಟಿದ ಸ್ಟೆಪ್ನಿ ಚಕ್ರವನ್ನೂ ಸರ್ಕ್ಯೂಟ್ ಕಾರಿಗಿಂತ ಹೆಚ್ಚು ನಿಗಾ ಇಟ್ಟು ಪರೀಕ್ಷಿಸಿ. ನಿಮ್ಮ ಊರಿಗೆ ಹತ್ತಿರದ ಕ್ಲಬ್ಬಿನವರಿಗೆ ಮುಂದಿನ ರ‍್ಯಾಲಿಯ ಮೊದಲೇ ಹೇಳಿ, ಸ್ಕ್ರೂಟಿನಿಯ (ತಾಂತ್ರಿಕ ತಪಾಸಣೆಯ) ದಿನ ಮುಖ್ಯ ತಪಾಸಕರ ಜೊತೆ ಬರೆದುಕೊಳ್ಳುವ ಕೆಲಸ ಕೇಳಿ. ಒಂದು ದಿನವಿಡೀ ಅವರು ಹೇಳಿದ್ದನ್ನು ಬರೆದುಕೊಂಡರೆ, ಯಾವ ಕಾರಿನಲ್ಲಿ ಅವರ ಕೈ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದು ತಿಳಿಯತೊಡಗುತ್ತದೆ.